ಗೋಧಿ ಬಿಯರಿನ ರುಚಿ ಪರೀಕ್ಷೆ: ಗುಣಮಟ್ಟ, ವೆಚ್ಚ ಮತ್ತು ತೆರಿಗೆ – ಒಂದು ಅವಲೋಕನ

ವ್ಯಾಪಾರದಲ್ಲಿ ಹೆಚ್ಚಿನ ಸರಕುಗಳ ಗುಣಮಟ್ಟವನ್ನು ಅಳತೆಗೋಲು, ತಕ್ಕಡಿ ಮತ್ತು ಪ್ರಯೋಗಾಲಯದ ವರದಿಗಳು ನಿರ್ಧರಿಸುತ್ತವೆ. ಆದರೆ ಕೆಲವು ಸರಕುಗಳ ವಿಷಯದಲ್ಲಿ ಅಂತಿಮ ತೀರ್ಪು ಮನುಷ್ಯನ ಮೂಗು ಮತ್ತು ನಾಲಿಗೆಯದೇ ಆಗಿರುತ್ತದೆ. ನಮ್ಮ ಕಾಫಿ ಉದ್ಯಮದಲ್ಲಿ ಕಪ್ ಟೇಸ್ಟಿಂಗ್ ಇಲ್ಲದೆ ಬೀಜದ ದರ್ಜೆ ತೀರ್ಮಾನವಾಗುವುದಿಲ್ಲ. ಚಹಾ, ತುಪ್ಪ, ಮಸಾಲೆ ಪದಾರ್ಥಗಳ ವ್ಯಾಪಾರಿಗಳಿಗೂ ಇದು ಪರಿಚಿತವಾದ ವಿಚಾರವೇ. ಇದೇ ಸಾಲಿಗೆ ಸೇರುವ ಇನ್ನೊಂದು ಸರಕು ಬಿಯರ್. ಅದರಲ್ಲೂ ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ ತಯಾರಾಗುವ ಪ್ರಬಲವಾದ, ಮಸಾಲೆಯ ಘಮಲಿನ ಗೋಧಿ ಬಿಯರ್, ಅಂದರೆ ಅಲ್ಲಿನವರು 'ವೈಟ್ಸೆನ್‌ಬಾಕ್' ಎಂದು ಕರೆಯುವ ಪಾನೀಯ, ಸಣ್ಣ ಉತ್ಪಾದಕರಿಗೆ ಹಲವು ಪಾಠಗಳನ್ನು ಒಳಗೊಂಡಿದೆ.

ಮದ್ಯಪಾನವನ್ನು ಪ್ರೋತ್ಸಾಹಿಸುವುದು ಈ ಲೇಖನದ ಉದ್ದೇಶವಲ್ಲವೆಂದು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಬಾಟಲಿಯನ್ನು ಎಂದೂ ಮುಟ್ಟದ ಓದುಗರಿಗೂ ಇದರಲ್ಲಿನ ಮೂರು ಪ್ರಶ್ನೆಗಳು ಪ್ರಸ್ತುತವೆಂದು ನನ್ನ ನಂಬಿಕೆ. ಯಾವುದನ್ನು ಗುಣ ಎನ್ನಬೇಕು, ಯಾವುದನ್ನು ದೋಷ ಎನ್ನಬೇಕು? ಉತ್ತಮ ಸರಕಿನ ಹೆಚ್ಚುವರಿ ವೆಚ್ಚ ಎಲ್ಲಿ ಅಡಗಿರುತ್ತದೆ? ತೆರಿಗೆಯ ಸ್ವರೂಪವು ಸಣ್ಣ ತಯಾರಕನನ್ನು ಹೇಗೆ ಬಾಧಿಸುತ್ತದೆ?

ಹಿನ್ನೆಲೆ: ಏಕಸ್ವಾಮ್ಯದಿಂದ ಕುಟುಂಬ ಉದ್ಯಮಕ್ಕೆ

1516ರಲ್ಲಿ ಬವೇರಿಯಾದ ಡ್ಯೂಕ್ ನಾಲ್ಕನೆಯ ವಿಲ್‌ಹೆಲ್ಮ್ ಮತ್ತು ಆತನ ಸಹೋದರ ಹತ್ತನೆಯ ಲುಡ್ವಿಗ್ ಇಂಗೋಲ್‌ಸ್ಟಾಟ್‌ನಲ್ಲಿ ಒಂದು ಆಜ್ಞೆಯನ್ನು ಹೊರಡಿಸಿದರು. ಬಿಯರಿಗೆ ಬಾರ್ಲಿ, ಹಾಪ್ಸ್ ಹೂವು ಮತ್ತು ನೀರನ್ನು ಬಿಟ್ಟು ಬೇರೇನನ್ನೂ ಬಳಸಕೂಡದೆಂಬುದು ಅದರ ಸಾರಾಂಶ. ಅದೇ ಆಜ್ಞೆ ಬಿಯರಿನ ಮಾರಾಟ ದರವನ್ನೂ ನಿಗದಿಪಡಿಸಿತು. ಗೋಧಿಯನ್ನು ಬ್ರೆಡ್ಡಿಗಾಗಿ ಉಳಿಸಿಕೊಳ್ಳುವುದು ಇದರ ಒಂದು ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಆದರೆ ಕಾನೂನು ಇದ್ದಲ್ಲಿ ವಿನಾಯಿತಿಯೂ ಇರುತ್ತದೆ. 1548ರಲ್ಲಿ ಡೇಗೆನ್‌ಬೆರ್ಗ್ ಎಂಬ ಶ್ರೀಮಂತ ಮನೆತನಕ್ಕೆ ಗೋಧಿ ಬಿಯರ್ ತಯಾರಿಸುವ ವಿಶೇಷ ಹಕ್ಕು ದೊರೆಯಿತು. 1602ರಲ್ಲಿ ಆ ವಂಶ ವಾರಸುದಾರರಿಲ್ಲದೆ ಕೊನೆಗೊಂಡಾಗ ಹಕ್ಕು ಡ್ಯೂಕ್ ಮೊದಲನೆಯ ಮ್ಯಾಕ್ಸಿಮಿಲಿಯನ್‌ಗೆ ಮರಳಿತು. ಆತ ಅದನ್ನು ರಾಜಮನೆತನದ ಏಕಸ್ವಾಮ್ಯವನ್ನಾಗಿ ಮಾಡಿಕೊಂಡು, ಸ್ವತಃ ಬಿಯರ್ ಕಾರ್ಖಾನೆಗಳನ್ನು ಸ್ಥಾಪಿಸಿದನು. 1607ರಲ್ಲಿ ಕೆಲ್‌ಹೈಮ್ ಪಟ್ಟಣದಲ್ಲಿ ಕಟ್ಟಿಸಿದ ಕಾರ್ಖಾನೆ ಅವುಗಳಲ್ಲೊಂದು. ಪ್ರಜೆಗಳಿಗೆ ನಿಷೇಧಿಸಿದ ಸರಕೇ ಅರಸನ ಬೊಕ್ಕಸಕ್ಕೆ ಪ್ರಮುಖ ಆದಾಯವಾಯಿತು.

ಹತ್ತೊಂಬತ್ತನೆಯ ಶತಮಾನದ ವೇಳೆಗೆ ಜನರ ಅಭಿರುಚಿ ತಿಳಿಯಾದ ಬಾರ್ಲಿ ಬಿಯರಿನತ್ತ, ಅಂದರೆ ಲಾಗರ್‌ನತ್ತ ವಾಲಿತು. ಗೋಧಿ ಬಿಯರಿನ ಮಾರಾಟ ಕುಸಿಯಿತು. ಮ್ಯೂನಿಕ್‌ನ ರಾಜಮನೆತನದ ಗೋಧಿ ಬಿಯರ್ ಕಾರ್ಖಾನೆಯನ್ನು 1855ರಿಂದ ಗುತ್ತಿಗೆಯ ಮೇಲೆ ನಡೆಸುತ್ತಿದ್ದ ಗೇಯೋರ್ಗ್ ಶ್ನೈಡರ್ ಎಂಬಾತ, 1872ರಲ್ಲಿ ರಾಜ ಎರಡನೆಯ ಲುಡ್ವಿಗ್‌ನಿಂದ ಗೋಧಿ ಬಿಯರ್ ತಯಾರಿಸುವ ಹಕ್ಕನ್ನು ಪಡೆದು ಅದೇ ನಗರದಲ್ಲಿ ಸ್ವಂತ ಕಾರ್ಖಾನೆಯನ್ನು ಆರಂಭಿಸಿದನು. ಎಲ್ಲರೂ ನಷ್ಟದ ಬಾಬ್ತೆಂದು ಬಿಟ್ಟ ಸರಕನ್ನು, ಅದರ ಒಳಹೊರಗನ್ನು ಬಲ್ಲ ಒಬ್ಬ ಗುತ್ತಿಗೆದಾರ ಕೈಗೆತ್ತಿಕೊಂಡ ಈ ಪ್ರಸಂಗ ಗಮನಾರ್ಹವಾದುದು.

1905ರಲ್ಲಿ ಈ ಕುಟುಂಬದ ಮೂರನೆಯ ತಲೆಮಾರಿನ ಯಜಮಾನ ಅಕಾಲದಲ್ಲಿ ತೀರಿಕೊಂಡಾಗ ಮಗ ಇನ್ನೂ ಚಿಕ್ಕ ಬಾಲಕ. ವಿಧವೆಯಾದ ಮಥಿಲ್ಡೆ ಶ್ನೈಡರ್ ಉದ್ಯಮದ ಹೊಣೆ ಹೊತ್ತರು. 1907ರಲ್ಲಿ ಅವರ ಆಡಳಿತದಲ್ಲಿ ಮಾರುಕಟ್ಟೆಗೆ ಬಂದ ಗಾಢವರ್ಣದ ಪ್ರಬಲ ಗೋಧಿ ಬಿಯರೇ 'ಅವೆಂಟಿನುಸ್'. ಹದಿನಾರನೆಯ ಶತಮಾನದ ಬವೇರಿಯನ್ ಇತಿಹಾಸಕಾರ ಅವೆಂಟಿನುಸನ ಹೆಸರನ್ನು ಅದಕ್ಕೆ ಇಡಲಾಯಿತು. 1944ರ ಬಾಂಬ್ ದಾಳಿಯಲ್ಲಿ ಮ್ಯೂನಿಕ್‌ನ ಕಾರ್ಖಾನೆ ನಾಶವಾಯಿತು. ಆದರೆ ಕುಟುಂಬವು 1920ರ ದಶಕದ ಕೊನೆಯಲ್ಲಿಯೇ ಕೆಲ್‌ಹೈಮ್‌ನ ಹಳೆಯ ಕಾರ್ಖಾನೆಯನ್ನು ಖರೀದಿಸಿದ್ದರಿಂದ ಉತ್ಪಾದನೆ ಅಲ್ಲಿ ಮುಂದುವರಿಯಿತು. ಎರಡನೆಯ ಘಟಕವೊಂದು ಇದ್ದುದೇ ಉದ್ಯಮವನ್ನು ಉಳಿಸಿತು. 1607ರ ಅದೇ ಸ್ಥಳದಲ್ಲಿ ಇಂದಿಗೂ ಗೋಧಿ ಬಿಯರ್ ತಯಾರಾಗುತ್ತಿದೆ.

ಲವಂಗ ಹಾಕದೆ ಲವಂಗದ ಪರಿಮಳ

ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಹಿಟ್ಟು ಮಾಡುವ ನಮ್ಮ ಮನೆಗಳ ಕ್ರಮವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಧಾನ್ಯದ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್‌ನೊಡನೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿದರೆ ಹುದುಗುವಿಕೆ ಆರಂಭವಾಗುತ್ತದೆ. ಹುದುಗಿದ ಸಕ್ಕರೆಯ ತೂಕದಲ್ಲಿ ಸುಮಾರು ಅರ್ಧ ಆಲ್ಕೋಹಾಲ್ ಆಗುತ್ತದೆ. ಉಳಿದ ಅರ್ಧದ ಬಹುಪಾಲು ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹೊರಹೋಗುತ್ತದೆ.

ಜರ್ಮನಿಯಲ್ಲಿ ಗೋಧಿ ಬಿಯರ್ ಎಂದು ಕರೆಸಿಕೊಳ್ಳಬೇಕಾದರೆ ಮಾಲ್ಟಿನಲ್ಲಿ ಶೇಕಡ 50ಕ್ಕೆ ಕಡಿಮೆಯಿಲ್ಲದಂತೆ ಗೋಧಿ ಇರಬೇಕು. ಪೂರ್ತಿ ಗೋಧಿಯನ್ನೇ ಏಕೆ ಬಳಸುವುದಿಲ್ಲವೆಂದರೆ, ಗೋಧಿಗೆ ಹೊಟ್ಟಿನ ಕವಚವಿಲ್ಲ. ಬಾರ್ಲಿಯ ಹೊಟ್ಟು ತೊಟ್ಟಿಯ ತಳದಲ್ಲಿ ಜರಡಿಯಂತೆ ಕೆಲಸ ಮಾಡುತ್ತದೆ. ಅದಿಲ್ಲದಿದ್ದರೆ ಗೋಧಿ ಅಂಟಿನ ಮುದ್ದೆಯಾಗಿ ಸೋಸುವುದೇ ಕಷ್ಟವಾಗುತ್ತದೆ. ಗೋಧಿಯಿಂದ ದೊರೆಯುವುದು ದಟ್ಟ ನೊರೆ, ಮಸುಕು ಬಣ್ಣ ಮತ್ತು ತುಂಬಿದ ಬಾಯಿರುಚಿ.

ಈ ಬಿಯರಿನ ವೈಶಿಷ್ಟ್ಯ ಲವಂಗವನ್ನು ಹೋಲುವ ಪರಿಮಳ. ಇದಕ್ಕೆ ಲವಂಗವನ್ನಾಗಲೀ ಬೇರೆ ಮಸಾಲೆಯನ್ನಾಗಲೀ ಹಾಕುವುದಿಲ್ಲ. ಧಾನ್ಯದ ಸಿಪ್ಪೆಯ ಭಾಗದಲ್ಲಿರುವ ಫೆರೂಲಿಕ್ ಆಮ್ಲವನ್ನು ಈ ಬಗೆಯ ಯೀಸ್ಟ್ '4-ವಿನೈಲ್ ಗ್ವಾಯಕಾಲ್' ಎಂಬ ರಾಸಾಯನಿಕವಾಗಿ ಮಾರ್ಪಡಿಸುತ್ತದೆ. ಲವಂಗದ ಘಮಲು ಬರುವುದು ಅದರಿಂದ. ಮಾಲ್ಟನ್ನು ನೆನೆಸುವ ನೀರನ್ನು 45 ಡಿಗ್ರಿ ಸೆಲ್ಷಿಯಸ್ ಆಸುಪಾಸಿನಲ್ಲಿ ಸ್ವಲ್ಪ ಕಾಲ ನಿಲ್ಲಿಸಿದರೆ ಫೆರೂಲಿಕ್ ಆಮ್ಲ ಹೆಚ್ಚು ಬಿಡುಗಡೆಯಾಗಿ ಘಮಲು ಹೆಚ್ಚುತ್ತದೆ. ಇದೇ ಯೀಸ್ಟ್ ಬಾಳೆಹಣ್ಣಿನ ವಾಸನೆಯ ಐಸೋಅಮೈಲ್ ಅಸಿಟೇಟನ್ನೂ ಉತ್ಪಾದಿಸುತ್ತದೆ. ಹುದುಗುವಾಗ ಶಾಖ ಹೆಚ್ಚಾದರೆ ಸಾಮಾನ್ಯವಾಗಿ ಬಾಳೆಹಣ್ಣಿನ ವಾಸನೆ ಮೇಲುಗೈ ಪಡೆಯುತ್ತದೆ. ಒಟ್ಟಿನಲ್ಲಿ ಕಚ್ಚಾ ಸಾಮಗ್ರಿಯನ್ನು ಬದಲಿಸದೆ, ಕೇವಲ ಶಾಖ ಮತ್ತು ಸಮಯದ ಹಿಡಿತದಿಂದ ಸರಕಿನ ಸ್ವಭಾವವನ್ನೇ ರೂಪಿಸಬಹುದು.

ಬೆಲ್ಜಿಯಂ ದೇಶದ ಕ್ರಮ ಬೇರೆ. ಅಲ್ಲಿನ ಬಿಳಿ ಬಿಯರಿಗೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನೇರವಾಗಿಯೇ ಹಾಕುತ್ತಾರೆ. ಹೂಗಾರ್ಡನ್ ಎಂಬ ಊರಿನಲ್ಲಿ ನಿಂತೇಹೋಗಿದ್ದ ಆ ಪದ್ಧತಿಯನ್ನು 1966ರಲ್ಲಿ ಪಿಯರ್ ಸೆಲಿಸ್ ಎಂಬುವರು ಪುನಃ ಆರಂಭಿಸಿದರು. 1985ರ ಬೆಂಕಿ ಅನಾಹುತದ ನಂತರ ದೊಡ್ಡ ಕಂಪನಿಯ ಬಂಡವಾಳವನ್ನು ಪಡೆಯಬೇಕಾಗಿ ಬಂದು, ಕಾಲಕ್ರಮೇಣ ಉದ್ಯಮವೇ ಆ ಕಂಪನಿಯ ವಶವಾಯಿತು. ಅವಘಡದ ದಿನ ಕೈಹಿಡಿಯುವವರು ಯಾರೆಂಬುದು ಮುಂದೆ ಯಜಮಾನರು ಯಾರೆಂಬುದನ್ನೂ ನಿರ್ಧರಿಸುತ್ತದೆ. ವಿಮೆಯ ಮೊತ್ತವನ್ನು ನವೀಕರಿಸದೆ ಬಿಡುವ ಸಣ್ಣ ಉತ್ಪಾದಕರು ಇದನ್ನು ನೆನಪಿನಲ್ಲಿಡುವುದು ಲೇಸು.

ರುಚಿ ಪರೀಕ್ಷೆಯ ಕ್ರಮ

ಅವೆಂಟಿನುಸ್ ಬಿಯರಿನಲ್ಲಿ ಆಲ್ಕೋಹಾಲ್ ಪ್ರಮಾಣ ಶೇಕಡ 8.2. ಅದನ್ನು ಮಾದರಿಯಾಗಿಟ್ಟುಕೊಂಡು ಪರೀಕ್ಷೆಯ ಹಂತಗಳನ್ನು ಕೆಳಗೆ ನೀಡಲಾಗಿದೆ.

1. ಲೋಟ: ಎಣ್ಣೆ ಅಥವಾ ಸಾಬೂನಿನ ಅಂಶ ಲವಲೇಶವೂ ಇರಕೂಡದು. ಜಿಡ್ಡು ತಗುಲಿದರೆ ನೊರೆ ಕ್ಷಣದಲ್ಲಿ ಇಳಿಯುತ್ತದೆ. ದೋಷ ಲೋಟದ್ದಾದರೂ ಅಪವಾದ ಬಿಯರಿಗೆ.

2. ಶಾಖ: 10ರಿಂದ 12 ಡಿಗ್ರಿ ಸೆಲ್ಷಿಯಸ್. ಮಂಜುಗಡ್ಡೆಯಷ್ಟು ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ. ಅತಿಯಾಗಿ ತಣಿಸಿ ಕೊಟ್ಟರೆ ಗುಣವೂ ಕಾಣುವುದಿಲ್ಲ, ದೋಷವೂ ಕಾಣುವುದಿಲ್ಲ.

3. ಸುರಿಯುವುದು: ಲೋಟವನ್ನು ಓರೆಯಾಗಿ ಹಿಡಿದು ನಿಧಾನವಾಗಿ ಸುರಿಯಬೇಕು. ಬಾಟಲಿಯಲ್ಲಿಯೇ ಎರಡನೆಯ ಬಾರಿ ಹುದುಗುವ ಕಾರಣ ತಳದಲ್ಲಿ ಯೀಸ್ಟ್ ನಿಂತಿರುತ್ತದೆ. ಕೊನೆಯ ಭಾಗವನ್ನು ಬಾಟಲಿಯಲ್ಲಿ ಮೆಲ್ಲಗೆ ಸುತ್ತಿಸಿ ಯೀಸ್ಟನ್ನೂ ಸೇರಿಸುವುದು ವಾಡಿಕೆ. ಇದು ಕಲ್ಮಶವಲ್ಲ, ಸರಕಿನ ಅಂಗ.

4. ನೋಟ: ಕೆಂಪು ಛಾಯೆಯ ಗಾಢ ಕಂದು, ಮಸುಕು, ಮೇಲೆ ದಟ್ಟವಾದ ನೊರೆ.

5. ವಾಸನೆ: ಮೊದಲು ಲವಂಗ ಮತ್ತು ಮಾಗಿದ ಬಾಳೆಹಣ್ಣು, ಹಿಂದೆಯೇ ಒಣದ್ರಾಕ್ಷಿ, ಹುರಿದ ಧಾನ್ಯ, ತುಸು ಚಾಕೊಲೇಟ್. ಮೂಗು ಬೇಗ ದಣಿಯುವುದರಿಂದ ಮೊದಲ ಎರಡು ಉಸಿರಿನಲ್ಲಿ ತೋರಿದ್ದನ್ನು ಕೂಡಲೇ ಬರೆದಿಡಬೇಕು.

6. ರುಚಿ: ವೈನ್ ಪರೀಕ್ಷೆಯಲ್ಲಿ ಉಗುಳುವ ಪದ್ಧತಿಯಿದೆ. ಬಿಯರನ್ನು ಸಾಮಾನ್ಯವಾಗಿ ಸಣ್ಣ ಗುಟುಕಾಗಿ ನುಂಗಿ, ಕೊನೆಯಲ್ಲಿ ಉಳಿಯುವ ಕಹಿಯನ್ನೂ ಪರೀಕ್ಷಿಸುತ್ತಾರೆ. ಇಲ್ಲಿ ಮೊದಲು ಮಾಲ್ಟಿನ ಸಿಹಿ, ನಡುವೆ ಮಸಾಲೆಯ ಚುರುಕು, ಕೊನೆಗೆ ಗಂಟಲಿನಲ್ಲಿ ಬೆಚ್ಚನೆಯ ಅನುಭವ. ಹಾಪ್ಸ್‌ನ ಕಹಿ ಅಲ್ಪ.

7. ದಾಖಲೆ: ಪರೀಕ್ಷಕರು ಪರಸ್ಪರ ಚರ್ಚಿಸುವ ಮುನ್ನವೇ ತಮ್ಮ ತಮ್ಮ ಹಾಳೆಯಲ್ಲಿ ಅಂಕ ನೀಡಬೇಕು. ಮಾಲೀಕರು ಮೊದಲು ಮಾತನಾಡಿದರೆ ಉಳಿದವರ ನಾಲಿಗೆ ಮಾಲೀಕರ ನಾಲಿಗೆಯಾಗುತ್ತದೆ.

ಏಳನೆಯ ಅಂಶ ಬಿಯರಿಗೆ ಮಾತ್ರ ಸೀಮಿತವಲ್ಲ. ಉಪ್ಪಿನಕಾಯಿ, ಬೇಕರಿ ತಿನಿಸು, ಸಾಂಬಾರಪುಡಿ ತಯಾರಿಸುವವರಿಗೂ ಅದು ಅನ್ವಯಿಸುತ್ತದೆ.

ನಮ್ಮ ಖಾರದ ತಿಂಡಿಗಳೊಡನೆ ಇದನ್ನು ಪರೀಕ್ಷಿಸುವುದು ಸೂಕ್ತವಲ್ಲ. ಆಲ್ಕೋಹಾಲ್ ಮತ್ತು ಅನಿಲದ ಗುಳ್ಳೆಗಳು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುವುದರಿಂದ ಸೂಕ್ಷ್ಮ ಪರಿಮಳಗಳು ಮರೆಯಾಗುತ್ತವೆ.

ಗುಣವೋ, ದೋಷವೋ?

ಪರೀಕ್ಷಕರು ಗುರುತಿಸುವ ಪ್ರಮುಖ ದೋಷಗಳಿವು: ಬೆಣ್ಣೆಯ ವಾಸನೆ (ಡೈಅಸಿಟೈಲ್), ಬೇಯಿಸಿದ ಜೋಳದ ವಾಸನೆ (ಡೈಮೀಥೈಲ್ ಸಲ್ಫೈಡ್), ಹಳೆಯ ಸರಕಿನಲ್ಲಿ ಬರುವ ಒದ್ದೆ ರಟ್ಟಿನ ವಾಸನೆ, ಬ್ಯಾಕ್ಟೀರಿಯಾ ಸೋಂಕಿನಿಂದ ಬರುವ ವಿನೆಗರಿನ ಹುಳಿ ಮತ್ತು ಬೆಳಕು ತಗುಲಿದ ಬಿಯರಿನ ದುರ್ನಾತ. ಕೊನೆಯದನ್ನು ತಡೆಯಲೆಂದೇ ಕಂದು ಗಾಜಿನ ಬಾಟಲಿಗಳನ್ನು ಬಳಸುತ್ತಾರೆ.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಲಾಗರ್ ಬಿಯರಿನಲ್ಲಿ ಲವಂಗದ ವಾಸನೆ ಬಂದರೆ ಅದು ದೋಷ. ಹೊರಗಿನ ಯೀಸ್ಟ್ ಸೇರಿಕೊಂಡಿರುವುದರ ಕುರುಹು. ಗೋಧಿ ಬಿಯರಿನಲ್ಲಿ ಅದೇ ವಾಸನೆ ಬಾರದಿದ್ದರೆ ದೋಷ. ರಾಸಾಯನಿಕ ಒಂದೇ, ತೀರ್ಪು ಮಾತ್ರ ವಿರುದ್ಧ. ಆದುದರಿಂದ ಗುಣಮಟ್ಟವೆಂಬುದು ಸರಕಿನೊಳಗೆ ತಾನಾಗಿ ಇರುವ ವಸ್ತುವಲ್ಲ. ತಯಾರಕನು ಗ್ರಾಹಕನಿಗೆ ಕೊಟ್ಟ ಮಾತಿಗೂ ಕೈಗಿತ್ತ ಸರಕಿಗೂ ಇರುವ ಹೊಂದಾಣಿಕೆ. ನಿಮ್ಮ ಸರಕು ಹೇಗಿರಬೇಕೆಂಬುದನ್ನು ಮೊದಲೇ ಬರೆದಿಡದಿದ್ದರೆ, ತಿರಸ್ಕೃತವಾಗಿ ಹಿಂದಿರುಗಿದ ಸರಕಿನ ಬಗ್ಗೆ ವಾದಿಸಲು ನಿಮ್ಮಲ್ಲಿ ಆಧಾರವೇ ಇರುವುದಿಲ್ಲ.

2007ರಲ್ಲಿ ಶ್ನೈಡರ್ ಸಂಸ್ಥೆಯೂ ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯೂ ಸೇರಿ ಪ್ರಬಲ ಗೋಧಿ ಬಿಯರೊಂದನ್ನು ರೂಪಿಸಿದವು. ಕಲ್ಪನೆ ಒಂದೇ ಆದರೂ ಜರ್ಮನಿಯಲ್ಲಿ ಜರ್ಮನ್ ಹಾಪ್ಸ್, ಅಮೆರಿಕದಲ್ಲಿ ಅಮೆರಿಕನ್ ಹಾಪ್ಸ್ ಬಳಸಲಾಯಿತು. ಶತಮಾನಗಳ ಸಂಪ್ರದಾಯವುಳ್ಳ ಸಂಸ್ಥೆಯೂ ಹೊಸಬರೊಡನೆ ಕೈಜೋಡಿಸಬಹುದು, ಅದರಿಂದ ತನ್ನ ಮೂಲ ಸರಕಿನ ಗುರುತು ಅಳಿಯುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ವೆಚ್ಚದ ಲೆಕ್ಕ

ಹುದುಗುವ ಮುನ್ನ ಸಿಹಿನೀರಿನಲ್ಲಿರುವ ಘನಾಂಶವನ್ನು 'ಪ್ಲೇಟೋ' ಡಿಗ್ರಿಗಳಲ್ಲಿ ಅಳೆಯುತ್ತಾರೆ. 12 ಡಿಗ್ರಿ ಎಂದರೆ 100 ಗ್ರಾಂ ದ್ರವದಲ್ಲಿ 12 ಗ್ರಾಂ ಘನಾಂಶ. ಸಾಧಾರಣ ಗೋಧಿ ಬಿಯರ್ ಸುಮಾರು 12 ಡಿಗ್ರಿಯದು, ಅವೆಂಟಿನುಸ್ 18.5 ಡಿಗ್ರಿಯದು. ಅಂದರೆ ಒಂದೇ ಪ್ರಮಾಣದ ಬಿಯರಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ಮಾಲ್ಟ್ ಬೇಕು. ಜೊತೆಗೆ ಪ್ರಬಲ ಬಿಯರ್ ಪಕ್ವವಾಗಲು ಹೆಚ್ಚು ಕಾಲ ಬೇಕು. ಅಷ್ಟು ದಿನ ತೊಟ್ಟಿ ಬೇರೆ ಕೆಲಸಕ್ಕೆ ದೊರೆಯುವುದಿಲ್ಲ. ಕಚ್ಚಾ ಸಾಮಗ್ರಿಯ ವೆಚ್ಚ ಬಿಲ್ಲಿನಲ್ಲಿ ಕಾಣುತ್ತದೆ. ತೊಟ್ಟಿಯ ದಿನಗಳ ವೆಚ್ಚ ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಸಣ್ಣ ತಯಾರಕರು ಬೆಲೆ ನಿಗದಿಪಡಿಸುವಾಗ ಬಿಟ್ಟುಬಿಡುವುದು ಸಾಮಾನ್ಯವಾಗಿ ಈ ಎರಡನೆಯದನ್ನೇ.

ತೆರಿಗೆ: ಅಲ್ಲಿ ಮತ್ತು ಇಲ್ಲಿ

ಜರ್ಮನಿಯಲ್ಲಿ ಬಿಯರ್ ತೆರಿಗೆ ನೇರವಾಗಿ ಪ್ಲೇಟೋ ಡಿಗ್ರಿಯನ್ನು ಅವಲಂಬಿಸಿದೆ. ಪೂರ್ಣ ದರವು 100 ಲೀಟರಿಗೆ, ಪ್ರತಿ ಡಿಗ್ರಿಗೆ 0.787 ಯೂರೋ.

12 ಡಿಗ್ರಿ: 12 × 0.787 = 9.44 ಯೂರೋ, ಅರ್ಧ ಲೀಟರಿಗೆ ಸುಮಾರು 4.7 ಸೆಂಟ್.
18 ಡಿಗ್ರಿ: 18 × 0.787 = 14.17 ಯೂರೋ; ಅರ್ಧ ಲೀಟರಿಗೆ ಸುಮಾರು 7.1 ಸೆಂಟ್.

ವ್ಯತ್ಯಾಸ ಎರಡೂವರೆ ಸೆಂಟಿನ ಒಳಗೆ. ವರ್ಷಕ್ಕೆ ಎರಡು ಲಕ್ಷ ಹೆಕ್ಟೋಲೀಟರಿಗಿಂತ (ಎರಡು ಕೋಟಿ ಲೀಟರ್) ಕಡಿಮೆ ತಯಾರಿಸುವ ಸ್ವತಂತ್ರ ಕಾರ್ಖಾನೆಗಳಿಗೆ ದರದಲ್ಲಿ ರಿಯಾಯಿತಿಯೂ ಇದೆ. ಇದರ ಮೇಲೆ ಮೌಲ್ಯವರ್ಧಿತ ತೆರಿಗೆ ಇದ್ದರೂ ತಯಾರಕನು ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳಬಹುದು.

ನಮ್ಮಲ್ಲಿ ಪರಿಸ್ಥಿತಿ ಭಿನ್ನ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಮಾನವ ಬಳಕೆಯ ಮದ್ಯವನ್ನು ಸಂವಿಧಾನದ 366(12ಎ) ಅನುಚ್ಛೇದದ ಮೂಲಕವೇ ಹೊರಗಿಡಲಾಯಿತು. ಬಿಯರ್ ರಾಜ್ಯಗಳ ಅಬಕಾರಿ ಹಾಗೂ ಮಾರಾಟ ತೆರಿಗೆಯ ವ್ಯಾಪ್ತಿಯಲ್ಲಿ ಉಳಿಯಿತು. ಪರಿಣಾಮವಾಗಿ ಮೈಕ್ರೋಬ್ರೂವರಿಯೊಂದು ಯಂತ್ರ, ತೊಟ್ಟಿ, ಮಾಲ್ಟ್, ದುರಸ್ತಿ ಸೇವೆಗಳ ಮೇಲೆ ತೆರುವ ಜಿಎಸ್‌ಟಿ, ಬಿಯರಿನ ಮಟ್ಟಿಗೆ ಹೂಡುವಳಿ ತೆರಿಗೆ ಜಮೆಯಾಗಿ ದೊರೆಯದೆ ನೇರವಾಗಿ ವೆಚ್ಚಕ್ಕೆ ಸೇರುತ್ತದೆ. ತೆರಿಗೆ ವ್ಯಾಪ್ತಿಗೆ ಬಾರದ ಪೂರೈಕೆಯನ್ನು ಕಾಯಿದೆಯು ವಿನಾಯಿತಿ ಪೂರೈಕೆಯೊಳಗೆ ಸೇರಿಸಿದೆ. ಕಲಂ 17(2)ರ ಪ್ರಕಾರ ಅಂತಹ ಪೂರೈಕೆಗೆ ಜಮೆ ಇಲ್ಲ. ಮದ್ಯದ ಜೊತೆಗೆ ಜಮೆಗೆ ಅರ್ಹವಾದ ಬೇರೆ ವಹಿವಾಟನ್ನೂ ನಡೆಸುವವರು ಸಾಮಾನ್ಯ ವೆಚ್ಚಗಳ ಜಮೆಯನ್ನು ನಿಯಮ 42 ಮತ್ತು 43ರಂತೆ ವಿಭಾಗಿಸತಕ್ಕದ್ದು.

ಈ ಅಂಶ ಬ್ರೂವರಿಗೆ ಯಂತ್ರ ಅಥವಾ ಸಾಮಗ್ರಿ ಸರಬರಾಜು ಮಾಡುವ ನಮ್ಮ ಸದಸ್ಯರಿಗೂ ಮುಖ್ಯ. ಬೇರೆ ಗ್ರಾಹಕರಿಗೆ "ತೆರಿಗೆ ಜಮೆ ಸಿಗುತ್ತದೆಯಲ್ಲ" ಎಂದು ಹೇಳುವಂತೆ ಇವರಿಗೆ ಹೇಳಲಾಗದು. ಅವರು ನಿಮ್ಮ ದರವನ್ನು ತೆರಿಗೆ ಸಹಿತವಾಗಿಯೇ ತೂಗಿ ನೋಡುತ್ತಾರೆ. ದರಪಟ್ಟಿ ಸಲ್ಲಿಸುವಾಗ ಇದನ್ನು ಗಮನದಲ್ಲಿರಿಸಿಕೊಳ್ಳಬೇಕು.

ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ರೂಪಿಸಿದ ಮಾನದಂಡಗಳು ಶೇಕಡ 5ಕ್ಕಿಂತ ಹೆಚ್ಚು, 8ರವರೆಗಿನ ಬಿಯರನ್ನು 'ಸ್ಟ್ರಾಂಗ್' ಎಂದು ವರ್ಗೀಕರಿಸಿದವು. ಶೇಕಡ 8.2ರ ಅವೆಂಟಿನುಸ್ ಆ ಮಿತಿಯನ್ನೂ ದಾಟುತ್ತದೆ. ಹೊರದೇಶದ ಸರಕೊಂದನ್ನು ತರಿಸಲು ಅಥವಾ ಅನುಕರಿಸಲು ಹೊರಡುವ ಮುನ್ನ ಇಂತಹ ಒಂದು ದಶಾಂಶ ಬಿಂದುವನ್ನೂ ನೋಡಿಕೊಳ್ಳಬೇಕೆಂಬುದು ಇದರ ತಾತ್ಪರ್ಯ.

ಎಚ್ಚರಿಕೆಯ ಮಾತು

ಈ ಬಿಯರಿನ ಹಣ್ಣಿನ ಸಿಹಿ ಅದರ ಬಲವನ್ನು ಮರೆಮಾಚುತ್ತದೆ. ಲೆಕ್ಕ ಸರಳ: ಅರ್ಧ ಲೀಟರಿನಲ್ಲಿ ಶೇಕಡ 8.2ರಂತೆ 41 ಮಿಲಿಲೀಟರ್ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಶೇಕಡ 42.8ರ ಮದ್ಯದ 30 ಮಿಲಿಲೀಟರ್ ಪೆಗ್ಗಿನಲ್ಲಿರುವುದು 12.84 ಮಿಲಿಲೀಟರ್. ಅಂದರೆ "ಒಂದೇ ಬಿಯರ್" ಎಂದು ಕುಡಿದದ್ದು ಮೂರು ಪೆಗ್ಗಿಗಿಂತ ಹೆಚ್ಚು. ಮೋಟಾರು ವಾಹನ ಕಾಯಿದೆಯ ಕಲಂ 185ರ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ; ಇಷ್ಟು ಕುಡಿದವರು ಅದನ್ನು ಸುಲಭವಾಗಿ ಮೀರುತ್ತಾರೆ. ವ್ಯವಹಾರದ ಔತಣಗಳಲ್ಲಿ ಅತಿಥಿಗಳಿಗೆ ಲೋಟ ನೀಡುವವರು ಹಿಂದಿರುಗುವ ವಾಹನದ ವ್ಯವಸ್ಥೆಯನ್ನೂ ಮಾಡಬೇಕಾದುದು ಆತಿಥ್ಯದ ಭಾಗವೇ ಸರಿ. ಪರೀಕ್ಷಕನಿಗೆ ನೂರು ಮಿಲಿಲೀಟರ್ ಸಾಕು, ಉಳಿದದ್ದು ಪರೀಕ್ಷೆಯಲ್ಲ.

ಉಪಸಂಹಾರ

ರಾಜಾಜ್ಞೆ, ಏಕಸ್ವಾಮ್ಯ, ಮಾರುಕಟ್ಟೆಯ ಕುಸಿತ, ಯಜಮಾನನ ಅಕಾಲ ಮರಣ ಮತ್ತು ಯುದ್ಧ ಇವೆಲ್ಲವನ್ನೂ ದಾಟಿ ಒಂದು ಸರಕು ಉಳಿದುಬಂದಿದೆ. ಈ ವೃತ್ತಾಂತದಿಂದ ನಮ್ಮ ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳನ್ನು ಹೀಗೆ ಸಂಗ್ರಹಿಸಬಹುದು: (ಅ) ತಮ್ಮ ಸರಕಿನ ಬಣ್ಣ, ವಾಸನೆ, ರುಚಿ ಹೇಗಿರಬೇಕೆಂಬುದನ್ನು ಒಂದು ಪುಟದಲ್ಲಿ ಬರೆದಿಡುವುದು, (ಆ) ಪ್ರತಿ ಬ್ಯಾಚಿನ ಮಾದರಿಯನ್ನು ಕನಿಷ್ಠ ಮೂವರು ಪ್ರತ್ಯೇಕವಾಗಿ ಪರೀಕ್ಷಿಸಿ ದಾಖಲಿಸುವುದು, (ಇ) ಬೆಲೆ ನಿಗದಿಯಲ್ಲಿ ಯಂತ್ರ ಹಾಗೂ ತೊಟ್ಟಿಗಳು ಹಿಡಿಯುವ ಕಾಲವನ್ನು ಸೇರಿಸುವುದು, (ಈ) ಗ್ರಾಹಕನಿಗೆ ತೆರಿಗೆ ಜಮೆ ದೊರೆಯುತ್ತದೆಯೇ ಎಂದು ತಿಳಿದು ದರ ಹೇಳುವುದು. ಇವುಗಳಲ್ಲಿ ಮೊದಲಿನ ಎರಡಕ್ಕೆ ಬೇಕಾದ ಬಂಡವಾಳ ಒಂದು ನೋಟ್ ಪುಸ್ತಕ ಮಾತ್ರ.